ಚಾವಣಿಯಿಂದ ತಗ್ಗಿದ ಬೆಲೆ: ಎಂಜಿಬಿ ಜಿಟಿ ಕೂಪೆಯ ಪ್ರಕರಣ ಅಧ್ಯಯನ

ಬ್ರಿಟನ್ನಿನ ಹಳೆಯ ಕಾರುಗಳ ಮಾರುಕಟ್ಟೆಯಲ್ಲಿ ದಶಕಗಳಿಂದ ಬದಲಾಗದೆ ಉಳಿದಿರುವ ಒಂದು ವಿಚಿತ್ರವಿದೆ. ಒಂದೇ ಕಾರ್ಖಾನೆಯಿಂದ ಒಂದೇ ವರ್ಷ ಹೊರಬಂದ, ಎಂಜಿನ್ನು, ಗೇರ್‌ಬಾಕ್ಸು, ಬ್ರೇಕುಗಳೆಲ್ಲ ಒಂದೇ ಆಗಿರುವ ಎರಡು ಎಂಜಿಬಿಗಳು (ಬ್ರಿಟನ್ನಿನ ಎಂಜಿ ಕಂಪನಿಯ ಸ್ಪೋರ್ಟ್ಸ್ ಕಾರುಗಳು) ಇಂದು ಅಕ್ಕಪಕ್ಕದಲ್ಲಿ, ಒಂದೇ ಸ್ಥಿತಿಯಲ್ಲಿ ಮಾರಾಟಕ್ಕೆ ನಿಂತಿವೆ ಎಂದಿಟ್ಟುಕೊಳ್ಳೋಣ. ಒಂದು ಮಡಚುವ ಬಟ್ಟೆಯ ಹುಡ್ ಇರುವ ರೋಡ್‌ಸ್ಟರ್. ಇನ್ನೊಂದು ಉಕ್ಕಿನ ಚಾವಣಿ ಹೊದ್ದ ಕೂಪೆ, ಅಂದರೆ ಜಿಟಿ. ಹೊಸದಾಗಿದ್ದಾಗ ಜಿಟಿಗೆ ಹೆಚ್ಚು ಬೆಲೆ ಇತ್ತು, ಇಂದು ಅದಕ್ಕೇ ಕಡಿಮೆ ಬೆಲೆ. ಕಾರ್ಖಾನೆಯು ಹೆಚ್ಚು ಉಕ್ಕು, ಹೆಚ್ಚು ಗಾಜು, ಹೆಚ್ಚು ಕೆಲಸ ಹಾಕಿ ತಯಾರಿಸಿದ ಕಾರು ಕಡಿಮೆ ಬೆಲೆಗೆ ಹೋಗುವುದು ಏಕೆ, ಮತ್ತು ಆ ಕಡಿಮೆ ಬೆಲೆಯು ಕಾರಿನ ನಿಜವಾದ ಯೋಗ್ಯತೆಯ ಬಗ್ಗೆ ಏನನ್ನಾದರೂ ಹೇಳುತ್ತದೆಯೇ ಎಂಬುದು ಈ ಅಧ್ಯಯನದ ವಿಷಯ.

ಸಾಮಾನ್ಯವಾಗಿ ಸಿಗುವ ಉತ್ತರ ಸರಳವಾದದ್ದು: ಹಳೆಯ ಸ್ಪೋರ್ಟ್ಸ್ ಕಾರನ್ನು ಕೊಳ್ಳುವವರು ಬಿಸಿಲಿಗೂ ಗಾಳಿಗೂ ಆಸೆಪಟ್ಟು ಕೊಳ್ಳುತ್ತಾರೆ, ಅವರಿಗೆ ಚಾವಣಿ ಬೇಡ. ಜಾಗ್ವಾರ್ ಇ-ಟೈಪ್‌ನಲ್ಲೂ ಕೂಪೆಗಿಂತ ತೆರೆದ ಕಾರೇ ದುಬಾರಿ ಎಂಬುದನ್ನು ನೋಡಿದರೆ ಈ ಉತ್ತರ ಸರಿಯೆನ್ನಿಸುತ್ತದೆ. ಆದರೆ ಎಂಜಿಬಿಯ ವಂಶದಲ್ಲೇ ಈ ಉತ್ತರಕ್ಕೆ ಒಗ್ಗದ ಒಂದು ಕೂಪೆ ಇದೆ. ಅದನ್ನು ಗಮನಿಸಿದ ಮೇಲೆ ನನಗೆ ತೋರುವುದೇನೆಂದರೆ, ಜಿಟಿಯ ಬೆಲೆಯನ್ನು ತಗ್ಗಿಸಿದ್ದು ಚಾವಣಿಗಿಂತ ಹೆಚ್ಚಾಗಿ ಪಕ್ಕದಲ್ಲೇ ನಿಂತಿರುವ ಚಾವಣಿಯಿಲ್ಲದ ಅವಳಿ.

ಚಾವಣಿ ಬಂದ ಬಗೆ

ಎಂಜಿಬಿ ರೋಡ್‌ಸ್ಟರ್ 1962ರಲ್ಲಿ ಮಾರುಕಟ್ಟೆಗೆ ಬಂತು. ಆಕ್ಸ್‌ಫರ್ಡ್‌ನ ದಕ್ಷಿಣಕ್ಕಿರುವ ಆ್ಯಬಿಂಗ್ಡನ್ ಎಂಬ ಸಣ್ಣ ಪಟ್ಟಣದ ಎಂಜಿ ಕಾರ್ಖಾನೆಯಲ್ಲಿ ಸಿಡ್ ಎನೆವರ್ ಅವರ ತಾಂತ್ರಿಕ ನೇತೃತ್ವದಲ್ಲಿ, ಡಾನ್ ಹೇಟರ್ ಅವರು ಬಿಡಿಸಿದ ಬಾಡಿಯೊಂದಿಗೆ ಅದು ರೂಪುಗೊಂಡಿತು. ಹಿಂದಿನ ಎಂಜಿಎ ಕಾರಿಗೆ ಪ್ರತ್ಯೇಕ ಚೇಸಿಸ್ ಇತ್ತು. ಎಂಜಿಬಿಯಲ್ಲಿ ಬಾಡಿಯೇ ಚೇಸಿಸ್, ಅಂದರೆ ಭಾರವನ್ನೆಲ್ಲ ಹೊರುವುದು ಬೆಸುಗೆ ಹಾಕಿದ ತಗಡಿನ ಪೆಟ್ಟಿಗೆಗಳೇ. ಅರವತ್ತು ವರ್ಷಗಳ ನಂತರ ಈ ಕಾರಿನ ಬೆಲೆಯನ್ನು ನಿರ್ಧರಿಸುವ ಸಂಗತಿಗಳಲ್ಲಿ ಇದೇ ಮುಖ್ಯವಾದದ್ದು.

ಎಂಜಿನ್ 1798 ಸಿಸಿಯ ಬಿ-ಸೀರೀಸ್. ಎರಡು ಎಸ್‌ಯು ಕಾರ್ಬ್ಯುರೇಟರ್‌ಗಳೊಂದಿಗೆ ಸುಮಾರು 95 ಅಶ್ವಶಕ್ತಿ. ಕನ್ನಡ ಓದುಗರಿಗೆ ಈ ಎಂಜಿನ್ ಸಂಪೂರ್ಣ ಹೊಸದಲ್ಲ. ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಅಂಬಾಸಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಇದೇ ಬಿ-ಸೀರೀಸ್ ಮನೆತನದ್ದು, ಮತ್ತು ಅಂಬಾಸಡರ್‌ಗೆ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ತಯಾರಾಗುತ್ತಿದ್ದ ಕೌಲಿ ಕಾರ್ಖಾನೆಯು ಆ್ಯಬಿಂಗ್ಡನ್‌ಗೆ ಹತ್ತಿರದಲ್ಲೇ ಇತ್ತು. ಅಂಬಾಸಡರ್‌ನ ಹೆಡ್ ಬಿಚ್ಚಿ ಟ್ಯಾಪೆಟ್ ಸೆಟ್ ಮಾಡಿದ ಹಳೆಯ ಮೆಕ್ಯಾನಿಕ್ಕಿನ ಮುಂದೆ ಎಂಜಿಬಿಯ ಬಾನೆಟ್ ತೆರೆದರೆ ಆತ ಯಾವುದನ್ನೂ ವಿವರಿಸಿ ಹೇಳಿಸಿಕೊಳ್ಳಬೇಕಾಗಿಲ್ಲ. ಎರಕದ ಕಬ್ಬಿಣದ ಬ್ಲಾಕು, ಪುಶ್‌ರಾಡು, ಡಿಸ್ಟ್ರಿಬ್ಯೂಟರು: ಎಲ್ಲವೂ ಕಣ್ಣೆದುರಿಗೆ, ಕೈಗೆಟುಕುವಂತೆ ಇವೆ.

ಎಂಜಿಯ ವ್ಯವಸ್ಥಾಪಕರಾಗಿದ್ದ ಜಾನ್ ಥಾರ್ನ್‌ಲಿ ಅವರಿಗೆ ಆ್ಯಸ್ಟನ್ ಮಾರ್ಟಿನ್ ಡಿಬಿ2/4 ರೀತಿಯ ಕೂಪೆಯೊಂದನ್ನು ಸಾಮಾನ್ಯ ಸಂಬಳದವರ ಕೈಗೆ ಕೊಡಬೇಕೆಂಬ ಆಸೆಯಿತ್ತು; ಕಂಪನಿಯೊಂದರ ನಿರ್ದೇಶಕನೂ ಸಂಕೋಚವಿಲ್ಲದೆ ಕಚೇರಿಗೆ ತರಬಹುದಾದ ಕಾರು ಅದಾಗಬೇಕಿತ್ತು. ಆ್ಯಬಿಂಗ್ಡನ್‌ನ ಸ್ವಂತ ಪ್ರಯತ್ನಗಳು ಕಣ್ಣಿಗೆ ಹಿತವಾಗಿರಲಿಲ್ಲ, ಏಕೆಂದರೆ ರೋಡ್‌ಸ್ಟರ್‌ನ ಗಿಡ್ಡ ಮುಂಗಾಜನ್ನು ಹಾಗೆಯೇ ಇಟ್ಟುಕೊಂಡು ಅದರ ಮೇಲೆ ಚಾವಣಿ ಕೂರಿಸಲು ಹೋಗಿದ್ದರು. ಕೆಲಸ ಇಟಲಿಯ ಪಿನಿನ್‌ಫಾರಿನಾ ಸಂಸ್ಥೆಗೆ ಹೋಯಿತು. ಅವರು ಮಾಡಿದ ಮುಖ್ಯ ಬದಲಾವಣೆ ಮುಂಗಾಜನ್ನು ಎತ್ತರಿಸಿದ್ದು. ಅದರೊಡನೆ ಚಾವಣಿಯ ಅಂಚಿಗೆ ಚೂಪಾದ ಒಂದು ಮಡಿಕೆ ಕೊಟ್ಟರು, ಹಿಂಬದಿಯನ್ನು ಇಳಿಜಾರಾಗಿಸಿ ಗಾಜಿನ ಸಮೇತ ಮೇಲಕ್ಕೆತ್ತುವ ಹಿಂಬಾಗಿಲನ್ನಾಗಿ ಮಾಡಿದರು. ಸೊಂಟದ ಕೆಳಗೆ ಇಂಗ್ಲಿಷ್ ಕಾರು, ಮೇಲೆ ಇಟಲಿಯ ಕಾರು. ಸೇರಿಸಿದ ಗೆರೆ ಎಲ್ಲಿದೆಯೆಂದು ಹುಡುಕಿದರೂ ಸಿಗುವುದಿಲ್ಲ. ಮೂಲದಲ್ಲಿ ಚಾವಣಿಯಿಲ್ಲದೆ ಹುಟ್ಟಿದ ಕಾರಿಗೆ ಆಮೇಲೆ ಚಾವಣಿ ಹಾಕಿದ ಉದಾಹರಣೆಗಳಲ್ಲಿ ಇಷ್ಟು ಚೆಂದವಾಗಿ ಕೂತದ್ದು ಬಹಳ ಕಡಿಮೆ ಎಂಬುದು ನನ್ನ ಅಭಿಪ್ರಾಯ.

1965ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಜಿಟಿ ಕಾಣಿಸಿಕೊಂಡಿತು. ತೆರಿಗೆ ಸೇರಿ ಅದರ ಬೆಲೆ ಸಾವಿರ ಪೌಂಡ್‌ಗಿಂತ ಸ್ವಲ್ಪವೇ ಕಡಿಮೆ. ‘ಬಡವರ ಆ್ಯಸ್ಟನ್ ಮಾರ್ಟಿನ್’ ಎಂಬ ಅಡ್ಡಹೆಸರು ಅದಕ್ಕೆ ಅಂಟಿಕೊಂಡಿತು, ಇಂದಿಗೂ ಮಾರಾಟದ ಜಾಹೀರಾತುಗಳಲ್ಲಿ ಅದು ಬಿಟ್ಟಿಲ್ಲ. 1980ರ ಅಕ್ಟೋಬರ್‌ನಲ್ಲಿ ಆ್ಯಬಿಂಗ್ಡನ್ ಕಾರ್ಖಾನೆ ಬಾಗಿಲು ಹಾಕುವವರೆಗೆ ತಯಾರಾದ ಐದು ಲಕ್ಷಕ್ಕೂ ಮಿಕ್ಕ ಎಂಜಿಬಿಗಳಲ್ಲಿ ಜಿಟಿಗಳ ಪಾಲು ಸುಮಾರು ಒಂದೂಕಾಲು ಲಕ್ಷ.

ಓಡಿಸುವವನಿಗೆ ಚಾವಣಿ ಕೊಟ್ಟದ್ದು

ಜಿಟಿಯು ರೋಡ್‌ಸ್ಟರ್‌ಗಿಂತ ಭಾರವಾದ್ದರಿಂದ ವೇಗ ಏರಿಸಿಕೊಳ್ಳುವುದರಲ್ಲಿ ತುಸು ನಿಧಾನ. ಆದರೆ ಗಾಳಿಯನ್ನು ಚೆನ್ನಾಗಿ ಸೀಳುವುದರಿಂದ ಗರಿಷ್ಠ ವೇಗದಲ್ಲಿ ಅದೇ ಸ್ವಲ್ಪ ಮುಂದು. ಹೆದ್ದಾರಿಯಲ್ಲಿ ಗಂಟೆಗೆ ನೂರು ಕಿಲೋಮೀಟರ್ ದಾಟಿದ ಮೇಲೆ ರೋಡ್‌ಸ್ಟರ್‌ನೊಳಗೆ ಮಾತು ಕೇಳಿಸುವುದಿಲ್ಲ, ಜಿಟಿಯಲ್ಲಿ ಕೇಳಿಸುತ್ತದೆ. ಹಿಂದಿನ ಸೀಟು ಚಿಕ್ಕ ಮಕ್ಕಳಿಗಷ್ಟೇ ಆದೀತು, ಆದರೆ ಅದರ ಒರಗು ಮಡಚಿದರೆ ಹಿಂಬಾಗಿಲಿನವರೆಗೆ ಸಮತಟ್ಟಾದ ಜಾಗ ಸಿಗುತ್ತದೆ. ಇಂಗ್ಲೆಂಡಿನ ಮಳೆಯಲ್ಲಿ ನೀರು ಒಳಗೆ ಬರುವುದಿಲ್ಲ. ಚಾಕುವಿನಿಂದ ಹುಡ್ ಕೊಯ್ದು ಕದಿಯುವ ಭಯವೂ ಇಲ್ಲ. ಸದ್ದು ಕಡಿಮೆಯ ಹಿಂದಿನ ಆ್ಯಕ್ಸಲ್ ಮೊದಲು ಬಂದದ್ದು ಜಿಟಿಗೆ. ರೋಡ್‌ಸ್ಟರ್‌ಗೆ ಅದು ಸಿಗಲು 1967 ಬರಬೇಕಾಯಿತು. ದಿನನಿತ್ಯ ಬಳಸುವ ವಾಹನವೆಂದು ತೂಗಿ ನೋಡಿದರೆ ಜಿಟಿಯೇ ಮೇಲು, ಈ ಬಗ್ಗೆ ವಾದಕ್ಕೆ ಹೆಚ್ಚು ಆಸ್ಪದವಿಲ್ಲ.

ಆದರೆ ಇಂದು ಇವನ್ನು ದಿನನಿತ್ಯ ಬಳಸುವವರು ಬಹಳ ಕಡಿಮೆ. ವರ್ಷದಲ್ಲಿ ಕೆಲವು ಭಾನುವಾರಗಳಂದು, ಬಿಸಿಲಿದ್ದಾಗ, ಹಳ್ಳಿದಾರಿಯಲ್ಲಿ ಓಡಿಸುವವರೇ ಹೆಚ್ಚು. ಕಾರಿನ ಬಳಕೆ ಬದಲಾದಾಗ ಅದರ ಗುಣಗಳ ಲೆಕ್ಕವೂ ತಿರುಗಿಬಿತ್ತು. 1965ರಲ್ಲಿ ಹೆಚ್ಚಿನ ಹಣ ತೆತ್ತು ಕೊಂಡ ಮಳೆಯ ರಕ್ಷಣೆಯು ಮಳೆಯಲ್ಲಿ ಹೊರಗೇ ಬಾರದ ಕಾರಿಗೆ ಬೇಕಾಗಿಲ್ಲ. ಹೀಗೆ ಕಾರೊಂದರ ಆಕರ್ಷಣೆಯು ಅದರ ತಯಾರಿಕೆಯ ಉದ್ದೇಶದಿಂದ ಪೂರ್ತಿ ಬೇರೆಯಾದ ಮೇಲೂ ಅದನ್ನು ಮೂಲದ ಗುಣಗಳಿಂದಲೇ ಹೊಗಳುವ ವಾಡಿಕೆ ಹಳೆಯ ಕಾರಿನ ವ್ಯಾಪಾರಿಗಳಲ್ಲಿದೆ; ಕೊಳ್ಳುವವರು ಆ ಹೊಗಳಿಕೆಯನ್ನು ಒಪ್ಪುತ್ತಾರೆ, ಹಣವನ್ನು ಮಾತ್ರ ರೋಡ್‌ಸ್ಟರ್‌ಗೆ ಕೊಡುತ್ತಾರೆ.

ತುಕ್ಕಿನ ಲೆಕ್ಕ

ಬೆಲೆಯ ಚರ್ಚೆ ನಿಜವಾಗಿ ಗಟ್ಟಿಯಾಗುವುದು ಕಾರಿನ ಕೆಳಗೆ ಬಗ್ಗಿ ನೋಡಿದಾಗ. ಎಂಜಿಬಿಯ ಎರಡೂ ಬದಿಯಲ್ಲಿ, ಬಾಗಿಲುಗಳ ಕೆಳಗೆ, ಉದ್ದಕ್ಕೆ ಹರಿಯುವ ಸಿಲ್ ಎಂಬ ಭಾಗವಿದೆ. ಹೊರಗಿನಿಂದ ಅದು ಬರಿಯ ಒಂದು ಪಟ್ಟಿಯಂತೆ ಕಂಡರೂ ಒಳಗೆ ಹಲವು ಪದರಗಳಿವೆ: ಹೊರಸಿಲ್, ನಡುವಿನ ತಗಡಿನ ಗೋಡೆ, ಒಳಸಿಲ್, ಮತ್ತು ಇವನ್ನೆಲ್ಲ ಕೆಳಗಿನಿಂದ ಹಿಡಿದಿಡುವ ಕ್ಯಾಸಲ್ ರೈಲ್. ಇಡೀ ಕಾರಿನ ಬಲ ನಿಂತಿರುವುದು ಈ ಪೆಟ್ಟಿಗೆಯ ಮೇಲೆ. ಚಳಿಗಾಲದಲ್ಲಿ ಇಂಗ್ಲೆಂಡಿನ ರಸ್ತೆಗಳಿಗೆ ಹಿಮ ಕರಗಿಸಲು ಹಾಕುವ ಉಪ್ಪು ನೀರಿನೊಂದಿಗೆ ಇದರೊಳಗೆ ಸೇರುತ್ತದೆ, ಅಲ್ಲೇ ನಿಲ್ಲುತ್ತದೆ, ಒಳಗಿನಿಂದ ಹೊರಕ್ಕೆ ತಿನ್ನುತ್ತಾ ಬರುತ್ತದೆ. ಬಣ್ಣದ ಮೇಲೆ ಗುಳ್ಳೆ ಕಾಣುವ ಹೊತ್ತಿಗೆ ನಡುವಿನ ಗೋಡೆ ಪುಡಿಯಾಗಿರುತ್ತದೆ.

ರೋಡ್‌ಸ್ಟರ್‌ನಲ್ಲಿ ಸಿಲ್ ಕೊಳೆತರೆ ಕಾರು ತಾನೇ ದೂರು ಹೇಳುತ್ತದೆ: ನಡು ಜಗ್ಗುತ್ತದೆ, ಬಾಗಿಲಿನ ಸಂದು ಮೇಲ್ಭಾಗದಲ್ಲಿ ಕಿರಿದಾಗುತ್ತದೆ, ಬಾಗಿಲು ಹಾಕಲು ಒತ್ತಬೇಕಾಗುತ್ತದೆ. ಜಿಟಿಯಲ್ಲಿ ಮೇಲಿನ ಚಾವಣಿಯೂ ಬಾಡಿಯನ್ನು ಹಿಡಿದಿಟ್ಟಿರುವುದರಿಂದ ಕೆಳಗೆ ಎಷ್ಟೋ ಕೊಳೆತಿದ್ದರೂ ಬಾಗಿಲು ಸಲೀಸಾಗಿ ಬೀಳಬಹುದು. ಆದ್ದರಿಂದ ರೋಡ್‌ಸ್ಟರ್ ನೋಡಿ ಕಲಿತ ಕೊಳ್ಳುಗನು ಬಾಗಿಲಿನ ಸಂದನ್ನಷ್ಟೇ ನಂಬಿ ಜಿಟಿ ಕೊಂಡರೆ ಮೋಸಹೋಗುವ ಸಂಭವ ಹೆಚ್ಚು. ಹೊರಸಿಲ್‌ನ ಮೇಲೆ ಹೊಳೆಯುವ ಸ್ಟೀಲ್ ಕವರ್ ಅಂಟಿಸಿದ್ದರಂತೂ ಅದರ ಹಿಂದೆ ಏನಿದೆಯೆಂದು ತಿಳಿಯುವವರೆಗೆ ಬೆಲೆಯ ಮಾತೇ ಎತ್ತಬಾರದು. ಆಯಸ್ಕಾಂತ ಹಿಡಿದು ಪುಟ್ಟಿ ಪರೀಕ್ಷಿಸುವುದು, ಕ್ಯಾಸಲ್ ರೈಲನ್ನು ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡುವುದು, ಮುಂಗಾಜಿನ ಬುಡ, ಹಿಂದಿನ ಸ್ಪ್ರಿಂಗ್ ಕೂರುವ ಜಾಗ, ಹಿಂಬಾಗಿಲಿನ ಕೆಳ ಅಂಚು ಇವನ್ನೆಲ್ಲ ಕೈಯಾಡಿಸಿ ನೋಡುವುದು, ಇವೇ ನಂಬಬಹುದಾದ ಪರೀಕ್ಷೆಗಳು.

ಯಾಂತ್ರಿಕ ದೋಷಗಳು ಇದಕ್ಕೆ ಹೋಲಿಸಿದರೆ ಲೆಕ್ಕಕ್ಕಿಲ್ಲ. ಎಂಜಿನ್, ಗೇರ್‌ಬಾಕ್ಸ್, ಲಿವರ್ ಆರ್ಮ್ ಶಾಕ್ ಅಬ್ಸಾರ್ಬರ್, ಕಿಂಗ್‌ಪಿನ್: ಎಲ್ಲಕ್ಕೂ ಬಿಡಿಭಾಗಗಳು ಅಂಗಡಿಯಲ್ಲಿ ಸಿಗುತ್ತವೆ, ಬೆಲೆಯೂ ಎಟುಕುವಂಥದ್ದು.

ಈಗ ಈ ಪ್ರಕರಣದ ಗಂಟು ಕಾಣುತ್ತದೆ. ಸಿಲ್ ಕತ್ತರಿಸಿ ಹೊಸದು ಬೆಸೆಯುವ ಕೆಲಸಕ್ಕೆ ಟಿಂಕರಿಂಗ್ ಮಾಡುವವನು ಕಾರಿಗೆ ಚಾವಣಿ ಇದೆಯೇ ಎಂದು ಕೇಳಿ ಕೂಲಿ ಹೇಳುವುದಿಲ್ಲ. ಖರ್ಚು ಎರಡಕ್ಕೂ ಒಂದೇ. ಮುಗಿದ ಮೇಲೆ ಬರುವ ಬೆಲೆ ಮಾತ್ರ ಜಿಟಿಗೆ ಕಡಿಮೆ. 1988ರಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಹಳೆಯ ಅಚ್ಚುಗಳನ್ನೇ ಹುಡುಕಿ ತೆಗೆದು ಎಂಜಿಬಿಯ ಹೊಸ ಬಾಡಿಗಳನ್ನು ತಯಾರಿಸಲು ಆರಂಭಿಸಿತು. ಮೊದಲು ರೋಡ್‌ಸ್ಟರ್, ಆಮೇಲೆ ಜಿಟಿ. ಇಂದು ಅಂಥ ಒಂದು ಬಾಡಿಗೆ, ಬಣ್ಣವೂ ಇಲ್ಲದ ಬರಿಯ ತಗಡಿಗೆ, ಐದಂಕಿಯ ಪೌಂಡ್ ಮೊತ್ತ ಬೇಕು. ಓಡುವ ಸ್ಥಿತಿಯಲ್ಲಿರುವ ನಾಲ್ಕು ಸಿಲಿಂಡರಿನ ಜಿಟಿಯಾದರೋ ನಾಲ್ಕಂಕಿಯ ಮೊತ್ತಕ್ಕೆ ಸಿಗುತ್ತದೆ. ಹೀಗಿರುವಾಗ ಕೊಳೆತ ಜಿಟಿಯನ್ನು ಸರಿಮಾಡಿಸುವವರಿಗೆ ಲೆಕ್ಕ ಕೂಡುವುದಿಲ್ಲ. ಅದರ ಎಂಜಿನ್, ಓವರ್‌ಡ್ರೈವ್ (ಹೆದ್ದಾರಿಯಲ್ಲಿ ಎಂಜಿನ್ನಿನ ಸುತ್ತು ತಗ್ಗಿಸುವ ಸಾಧನ) ಇರುವ ಗೇರ್‌ಬಾಕ್ಸ್, ಆ್ಯಕ್ಸಲ್ ಬಿಚ್ಚಿ ರೋಡ್‌ಸ್ಟರ್ ಒಂದಕ್ಕೆ ಹಾಕಿ, ಉಳಿದದ್ದನ್ನು ಗುಜರಿಗೆ ಕೊಡುವುದೇ ಲಾಭ. ಕಡಿಮೆ ಬೆಲೆಯು ಕಾರುಗಳನ್ನು ಗುಜರಿಗೆ ಕಳಿಸುತ್ತದೆ; ಉಳಿದವುಗಳಲ್ಲಿ ಅರ್ಧಂಬರ್ಧ ರಿಪೇರಿಯಾದವೇ ಹೆಚ್ಚಾಗುತ್ತವೆ; ಅಂಥವನ್ನು ನೋಡಿದ ಕೊಳ್ಳುಗರು ಜಿಟಿ ಎಂದರೆ ಅಗ್ಗದ ಕಾರು ಎಂದು ತೀರ್ಮಾನಿಸುತ್ತಾರೆ. ಹಾಗಾಗಿ ಪೂರ್ತಿ, ಸರಿಯಾಗಿ ಕೆಲಸವಾದ ಜಿಟಿ ಮಾರಾಟಕ್ಕೆ ಬಂದಾಗ ಅದರ ಮಾಲೀಕ ಖರ್ಚು ಮಾಡಿದ ಹಣದ ದೊಡ್ಡ ಭಾಗವನ್ನು ಕಳೆದುಕೊಂಡೇ ಮಾರುತ್ತಾನೆ. ಆತನ ನಷ್ಟವೇ ಮುಂದಿನವನ ಲಾಭ, ಮತ್ತು ಈ ಕಾರಿನ ಮಟ್ಟಿಗೆ ಜಾಣತನದ ಖರೀದಿ ಎಂದರೆ ಬಹುಪಾಲು ಇದೇ.

ಅವಳಿ ಇಲ್ಲದ ಕೂಪೆ

ಮೇಲೆ ಹೇಳಿದ ಅಪವಾದದ ಕೂಪೆಯೆಂದರೆ ಎಂಜಿಬಿ ಜಿಟಿ ವಿ8. ಕೆನ್ ಕಾಸ್ಟೆಲೊ ಎಂಬ ತಜ್ಞರು 1970ರ ದಶಕದ ಆರಂಭದಲ್ಲಿ ರೋವರ್‌ನ 3528 ಸಿಸಿಯ, ಎಂಟು ಸಿಲಿಂಡರಿನ ವಿ8 ಎಂಜಿನ್ನನ್ನು ಎಂಜಿಬಿಯಲ್ಲಿ ಕೂರಿಸಿ ಮಾರುತ್ತಿದ್ದರು. ಆ ಎಂಜಿನ್ ಪೂರ್ತಿ ಅಲ್ಯೂಮಿನಿಯಂ ಆದ್ದರಿಂದ ಅದು ಕಬ್ಬಿಣದ ನಾಲ್ಕು ಸಿಲಿಂಡರ್ ಎಂಜಿನ್ನಿಗಿಂತ ಭಾರವಾಗಿರಲಿಲ್ಲ. ಇದನ್ನು ಕಂಡ, ಆಗ ಎಂಜಿಯ ಒಡೆತನ ಹೊಂದಿದ್ದ ಬ್ರಿಟಿಷ್ ಲೇಲ್ಯಾಂಡ್ ತಾನೇ 1973ರ ಆಗಸ್ಟ್‌ನಲ್ಲಿ 137 ಅಶ್ವಶಕ್ತಿಯ, ಗಂಟೆಗೆ ಸುಮಾರು 200 ಕಿಲೋಮೀಟರ್ ಓಡುವ ಕಾರನ್ನು ಹೊರತಂದಿತು. ಬೆಲೆ ಸುಮಾರು 2300 ಪೌಂಡ್. ಫೋರ್ಡ್ ಕ್ಯಾಪ್ರಿ 3000 ಅದಕ್ಕಿಂತ ಅಗ್ಗವಾಗಿ ಸಿಗುತ್ತಿತ್ತು. ಎರಡು ತಿಂಗಳಲ್ಲಿ ತೈಲ ಬಿಕ್ಕಟ್ಟು ಬಂತು. ಮಾರಾಟ ಬ್ರಿಟನ್ನಿಗಷ್ಟೇ ಸೀಮಿತವಾಗಿತ್ತು, ಅಮೆರಿಕದಲ್ಲಿ ಅದನ್ನು ಮಾರಲೇ ಇಲ್ಲ. 1976ರಲ್ಲಿ ನಿಂತಾಗ ತಯಾರಾಗಿದ್ದದ್ದು 2591 ಕಾರುಗಳು. ವ್ಯಾಪಾರದ ದೃಷ್ಟಿಯಿಂದ ಅದು ಸೋಲು.

ಇಂದು ಅದೇ ಕಾರು ಸಾಮಾನ್ಯ ಜಿಟಿಗಿಂತ ಮಾತ್ರವಲ್ಲ, ಅದೇ ಸ್ಥಿತಿಯ ನಾಲ್ಕು ಸಿಲಿಂಡರ್ ರೋಡ್‌ಸ್ಟರ್‌ಗಿಂತಲೂ ದುಬಾರಿ. ಅದಕ್ಕೂ ಉಕ್ಕಿನ ಚಾವಣಿಯೇ ಇದೆ. ದೊಡ್ಡ ಎಂಜಿನ್ನು ಮತ್ತು ಕಡಿಮೆ ಸಂಖ್ಯೆಯೇ ಇದಕ್ಕೆ ಕಾರಣವೆಂದು ಆಕ್ಷೇಪಿಸಬಹುದು. ಆ ಆಕ್ಷೇಪಕ್ಕೆ ಎಂಜಿಸಿ ಕಾರು ಉತ್ತರ ಕೊಡುತ್ತದೆ. 1967ರಿಂದ 1969ರವರೆಗೆ ಇದೇ ಬಾಡಿಯಲ್ಲಿ 2912 ಸಿಸಿಯ ಆರು ಸಿಲಿಂಡರ್ ಎಂಜಿನ್ ಹಾಕಿ ಎಂಜಿಸಿ ಎಂಬ ಹೆಸರಿನಲ್ಲಿ ಸುಮಾರು 9000 ಕಾರುಗಳನ್ನು ಮಾಡಿದರು, ರೋಡ್‌ಸ್ಟರ್ ಮತ್ತು ಜಿಟಿ ಹೆಚ್ಚುಕಡಿಮೆ ಅರ್ಧರ್ಧ. ಅದೂ ದೊಡ್ಡ ಎಂಜಿನ್ನಿನ ಕಾರು, ಅದೂ ಅಪರೂಪ. ಇಂದಿನ ದೊರೆ ಚಾರ್ಲ್ಸ್ ಅವರು ಯುವರಾಜರಾಗಿದ್ದಾಗ ಓಡಿಸಿದ್ದು ಎಂಜಿಸಿ ಜಿಟಿಯನ್ನೇ ಎಂಬ ಹೆಗ್ಗಳಿಕೆಯೂ ಸೇರಿದೆ. ಇಷ್ಟಾದರೂ ಎಂಜಿಸಿಯಲ್ಲಿ ಮತ್ತೆ ರೋಡ್‌ಸ್ಟರ್‌ಗೇ ಹೆಚ್ಚು ಬೆಲೆ. ದೊಡ್ಡ ಎಂಜಿನ್ನಿನಿಂದ ಕಾರಿನ ಮೂಗು ಭಾರವೆಂಬ ದೂರು ಎರಡಕ್ಕೂ ಸಮಾನವಾಗಿ ಇದ್ದದ್ದರಿಂದ ಅದನ್ನು ಕಾರಣವೆನ್ನಲಾಗದು. ಎಂಜಿಸಿಗೂ ವಿ8ಗೂ ಇರುವ ದೊಡ್ಡ ವ್ಯತ್ಯಾಸ ಒಂದೇ: ವಿ8 ಅನ್ನು ಕಾರ್ಖಾನೆ ಆ ಕಾಲದಲ್ಲಿ ಕೂಪೆಯಾಗಿ ಮಾತ್ರ ಮಾರಿತು. ಹೋಲಿಸಿ ನೋಡಿ ಇದರಲ್ಲಿ ಚಾವಣಿ ಇದೆಯಲ್ಲ ಎಂದು ಕೊರತೆ ಹೇಳಲು ಪಕ್ಕದಲ್ಲಿ ತೆರೆದ ವಿ8 ಇಲ್ಲ. 1992ರಲ್ಲಿ ಬಂದ ಎಂಜಿಯ ಆರ್‌ವಿ8 ತೆರೆದ ಕಾರು ಹೌದು, ಆದರೆ ಅದು ಬೇರೆ ಕಾಲದ, ಬೇರೆ ಮುಖದ ಕಾರು. ಒಂದೇ ಕುಟುಂಬದ ಮೂರು ಕಾರುಗಳಿಂದ ನಿಯಮ ಕಟ್ಟುವುದು ಅತಿಯಾದೀತು. ಆದರೂ ‘ಕೂಪೆಯನ್ನು ಯಾರೂ ಕೇಳುವುದಿಲ್ಲ’ ಎಂಬ ವ್ಯಾಪಾರಿಗಳ ಮಾತನ್ನು ಅನುಮಾನಿಸಲು ಇಷ್ಟು ಸಾಕು.

ಬೆಲೆ ಇರುವಲ್ಲಿ ನಕಲಿಯೂ ಇರುತ್ತದೆ. ರೋವರ್ ಎಂಜಿನ್ ಸುಲಭವಾಗಿ ಸಿಗುವುದರಿಂದ ಸಾಮಾನ್ಯ ಜಿಟಿಗಳನ್ನು ವಿ8 ಮಾಡಿದವರು ಬಹಳ ಮಂದಿ, ಮತ್ತು ಅವುಗಳಲ್ಲಿ ಕೆಲವು ಕಾರ್ಖಾನೆಯ ಕಾರಿಗಿಂತ ಚೆನ್ನಾಗಿ ಓಡುತ್ತವೆ. ಆದರೆ ಬೆಲೆ ನಿಂತಿರುವುದು ಓಟದ ಮೇಲಲ್ಲ, ಚೇಸಿಸ್ ನಂಬರಿನ ಮೇಲೆ. ನಾಲ್ಕು ಸಿಲಿಂಡರಿನ ರೋಡ್‌ಸ್ಟರ್‌ನ ನಂಬರು ಜಿಎಚ್‌ಎನ್ ಎಂದೂ ಜಿಟಿಯದು ಜಿಎಚ್‌ಡಿ ಎಂದೂ ಆರಂಭವಾಗುತ್ತದೆ. ಕಾರ್ಖಾನೆಯ ವಿ8ನದು ಜಿಡಿ2ಡಿ1 ಎಂದು. ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಮೂಲ ದಾಖಲೆಗಳ ಆಧಾರದ ಮೇಲೆ ಕೊಡುವ ಹೆರಿಟೇಜ್ ಪ್ರಮಾಣಪತ್ರದಲ್ಲಿ ತಯಾರಾದ ದಿನ, ಬಣ್ಣ, ಎಂಜಿನ್ ನಂಬರು ಇರುತ್ತವೆ. ಆ ಕಾಗದ ಕೇಳಿದಾಗ ಮಾತು ಬದಲಿಸುವ ಮಾರಾಟಗಾರನ ಜೊತೆ ಚೌಕಾಸಿಗೆ ಇಳಿಯುವುದು ವ್ಯರ್ಥ.

ಬಂಪರಿನ ಸಂಗತಿಯನ್ನು ಚಿಕ್ಕದಾಗಿ ಹೇಳಿಬಿಡಬಹುದು. ಅಮೆರಿಕದ ಸುರಕ್ಷಾ ನಿಯಮಗಳಿಗಾಗಿ 1974ರ ಕೊನೆಯಲ್ಲಿ ಕ್ರೋಮ್ ಬಂಪರುಗಳು ಹೋಗಿ ಕಪ್ಪು ರಬ್ಬರಿನ ದಪ್ಪ ಬಂಪರುಗಳು ಬಂದವು, ಕಾರಿನ ಎತ್ತರವನ್ನೂ ಹೆಚ್ಚಿಸಿದರು, ತಿರುವಿನಲ್ಲಿ ಕಾರಿನ ನಡತೆ ಕೆಟ್ಟಿತು. ಅಮೆರಿಕಕ್ಕಾಗಿ ಹೀಗೆ ಬದಲಾದ ಜಿಟಿಯ ಮಾರಾಟವನ್ನು ಅಮೆರಿಕದಲ್ಲಿ ಅದೇ ಹೊತ್ತಿಗೆ ನಿಲ್ಲಿಸಿದರು ಎಂಬುದು ಬ್ರಿಟಿಷ್ ಲೇಲ್ಯಾಂಡ್‌ನ ಆಡಳಿತಕ್ಕೆ ತಕ್ಕ ಮಾದರಿ. ರಬ್ಬರ್ ಬಂಪರಿನ ಜಿಟಿ ಇಡೀ ಕುಟುಂಬದಲ್ಲೇ ಅಗ್ಗದ್ದು. 1980ರ ಕೊನೆಯ ಸಾವಿರ ಎಲ್‌ಇ (ಸೀಮಿತ ಆವೃತ್ತಿಯ) ಕಾರುಗಳಲ್ಲಿ ಸುಮಾರು 580 ಜಿಟಿಗಳು, ತವರದ ಬೂದು ಬಣ್ಣದವು. ಅವಕ್ಕೂ 1975ರ ಹಸಿರು ಜೂಬಿಲಿ ಜಿಟಿಗಳಿಗೂ ಮಾತ್ರ ತುಸು ಮರ್ಯಾದೆ ಸಿಗುತ್ತದೆ.

ಯಾರಿಗೆ ಹೊಂದುತ್ತದೆ

ಬ್ರಿಟನ್ನಿನ ಕಾನೂನು ಈ ಕಾರುಗಳ ಪರವಾಗಿದೆ. ನಲವತ್ತು ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆಯಿಲ್ಲ. 2018ರಿಂದ, ದೊಡ್ಡ ಮಾರ್ಪಾಡು ಆಗಿರದಿದ್ದರೆ, ಕಾರು ರಸ್ತೆಗೆ ಯೋಗ್ಯವೇ ಎಂದು ನೋಡುವ ವಾರ್ಷಿಕ ಎಂಒಟಿ ತಪಾಸಣೆಯೂ ಕಡ್ಡಾಯವಲ್ಲ. 1980ರಲ್ಲಿ ತಯಾರಿಕೆ ನಿಂತದ್ದರಿಂದ ಈಗ ಪ್ರತಿಯೊಂದು ಎಂಜಿಬಿಯೂ ಈ ವಯಸ್ಸು ದಾಟಿದೆ. 2023ರಲ್ಲಿ ಇಡೀ ಲಂಡನ್ನಿಗೆ ವಿಸ್ತರಿಸಿದ ಹೊಗೆ ನಿಯಂತ್ರಣ ವಲಯದ ಶುಲ್ಕವೂ ಐತಿಹಾಸಿಕ ವರ್ಗದಲ್ಲಿ ನೋಂದಾಯಿತವಾದ ಕಾರಿಗೆ ಅನ್ವಯಿಸುವುದಿಲ್ಲ. 2015ಕ್ಕಿಂತ ಹಳೆಯ ಡೀಸೆಲ್ ಕಾರಿಗೆ ದಿನವೂ ಹಣ ಕಟ್ಟಬೇಕಾಗಬಹುದಾದ ಊರಿನಲ್ಲಿ ಐವತ್ತು ವರ್ಷದ ಜಿಟಿ ಆ ಶುಲ್ಕವಿಲ್ಲದೆ ಓಡಾಡುತ್ತದೆ. ಖಾಸಗಿ ಕಾರು ಮಾರಿ ಬಂದ ಲಾಭಕ್ಕೆ ಬಂಡವಾಳ ತೆರಿಗೆ ಇಲ್ಲ, ಹಾಗೆಯೇ ನಷ್ಟವನ್ನೂ ಲೆಕ್ಕದಲ್ಲಿ ತೋರಿಸುವಂತಿಲ್ಲ. ಎಂಒಟಿಯ ವಿನಾಯಿತಿಯನ್ನು ಮಾತ್ರ ನಾನು ಅನುಕೂಲವೆಂದು ಎಣಿಸಲಾರೆ. ವರ್ಷಕ್ಕೊಮ್ಮೆ ಅನ್ಯರೊಬ್ಬರು ಕಾರಿನ ಕೆಳಗೆ ದೀಪ ಹಿಡಿದು ಸಿಲ್ ನೋಡುತ್ತಿದ್ದದ್ದು ಈ ಕಾರಿಗೆ ಅತ್ಯಂತ ಅಗತ್ಯವಾಗಿದ್ದ ಕೆಲಸ, ಮತ್ತು ಸ್ವಇಚ್ಛೆಯಿಂದ ಈಗಲೂ ಅದನ್ನು ಮಾಡಿಸಿದ ದಾಖಲೆಯಿರುವ ಕಾರಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಎರಡು ಮೂರು ವರ್ಷ ಇಟ್ಟು ಲಾಭಕ್ಕೆ ಮಾರುವ ಯೋಚನೆಯಿದ್ದವರಿಗೆ ನಾಲ್ಕು ಸಿಲಿಂಡರ್ ಜಿಟಿ ಸಲ್ಲದು. ಅವರು ಕ್ರೋಮ್ ಬಂಪರಿನ ರೋಡ್‌ಸ್ಟರನ್ನೋ ಕಾಗದ ಸರಿಯಿರುವ ಕಾರ್ಖಾನೆಯ ವಿ8 ಅನ್ನೋ ನೋಡಬೇಕು. ಮಳೆ ಬಿಸಿಲೆನ್ನದೆ ಹಲವು ವರ್ಷ ತಾವೇ ಓಡಿಸುವವರಿಗಾದರೆ 1967ರ ನಂತರದ, ನಾಲ್ಕೂ ಗೇರಿಗೆ ಸಿಂಕ್ರೋಮೆಶ್ (ಗೇರನ್ನು ಸರಾಗವಾಗಿ ಬದಲಿಸಲು ನೆರವಾಗುವ ಏರ್ಪಾಡು) ಇರುವ, ಓವರ್‌ಡ್ರೈವ್ ಸಹಿತದ ಕ್ರೋಮ್ ಬಂಪರ್ ಜಿಟಿಯೇ ಸರಿಯಾದ ಆಯ್ಕೆ. ಅದರಲ್ಲೂ ಹಿಂದಿನ ಮಾಲೀಕ ಸಿಲ್‌ನ ಎಲ್ಲ ಪದರಗಳನ್ನೂ ಹೊಸದಾಗಿ ಬೆಸೆಸಿ, ಕೆಲಸ ನಡೆಯುವಾಗಿನ ಫೋಟೊಗಳನ್ನು ಇಟ್ಟಿರುವ ಕಾರು ಸಿಕ್ಕರೆ ಬಣ್ಣ ಇಷ್ಟವಾಗದಿದ್ದರೂ ಬಿಡಬಾರದು. ಬಣ್ಣವನ್ನು ಯಾವಾಗಲಾದರೂ ಬದಲಿಸಬಹುದು. ಆ ಬೆಸುಗೆಯ ಕೆಲಸವನ್ನು ಇಂದಿನ ಕೂಲಿಯಲ್ಲಿ ಮಾಡಿಸಲು ಹೊರಟರೆ ಕಾರಿನ ಬೆಲೆಯಷ್ಟೇ ಹಣ ಮತ್ತೊಮ್ಮೆ ಹೋಗಬಹುದು.